ಮನೆಯ ರೆಕಾರ್ಡಿಂಗ್ ಕೋಣೆಗೆ ಯಾವ ಮಾನಿಟರ್: 24, 27 ಅಥವಾ 32 ಇಂಚು? ನಾಲ್ಕಡಿ ಮೇಜಿನ ಪ್ರಶ್ನೆ

ನಿಟ್ಟುವಳ್ಳಿ ತಂಬೂರಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತೇನೆ. ಮೂರು ವರ್ಷಗಳಿಂದ ಮನೆಯ ಹಿಂಬದಿಯ ಹತ್ತಕ್ಕೆ ಹನ್ನೊಂದು ಅಡಿ ಕೋಣೆಯಲ್ಲಿ ಮಕ್ಕಳಿಂದ ವಚನ, ಜನಪದ ಗೀತೆ, ಭಾವಗೀತೆಗಳನ್ನು ಹಾಡಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಬಳಸುವ ಸಾಫ್ಟ್‌ವೇರ್ ರೀಪರ್. ಕೆಲಸವೆಲ್ಲ ನಡೆಯುವುದು 15.6 ಇಂಚಿನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ. ಒಬ್ಬರೇ ಹಾಡುವಾಗ ಅದು ಸಾಕಾಗುತ್ತಿತ್ತು. ಈಗ ತಬಲಾಕ್ಕೆ ಎರಡು ಮೈಕು, ಹಾರ್ಮೋನಿಯಂ, ಕೊಳಲು, ತಾಳ, ಅದರ ಮೇಲೆ ಮಕ್ಕಳ ಕೋರಸ್ಸು ಎಂದು ಟ್ರ್ಯಾಕುಗಳು ಇಪ್ಪತ್ತೈದನ್ನು ದಾಟುತ್ತಿವೆ. ಒಂದೊಂದು ಟ್ರ್ಯಾಕಿನ ಧ್ವನಿಮಟ್ಟ ಹೊಂದಿಸುವ ಮಿಕ್ಸರ್ ತೆರೆದರೆ ಟ್ರ್ಯಾಕುಗಳು ಮುಚ್ಚಿಹೋಗುತ್ತವೆ, ತಗ್ಗು-ತಾರ ಸ್ವರಗಳ ಪ್ರಮಾಣ ಹೊಂದಿಸುವ ಈಕ್ಯೂ ತೆರೆದರೆ ಮಿಕ್ಸರ್ ಮುಚ್ಚಿಹೋಗುತ್ತದೆ, ಹಾಡಿನ ಸಾಹಿತ್ಯವನ್ನು ನೋಡಬೇಕೆಂದರೆ ಕೊನೆಗೆ ಕಾಗದವೇ ಗತಿ.

ಅಂಗಡಿಯಲ್ಲಿ ವಿಚಾರಿಸಿದೆ. 32 ಇಂಚಿನ 4ಕೆ (3840 × 2160 ಚುಕ್ಕೆಗಳದ್ದು) ತೆಗೆದುಕೊಂಡರೆ ಹತ್ತು ವರ್ಷ ಮತ್ತೆ ಯೋಚಿಸಬೇಕಿಲ್ಲ ಎಂದರು. ತಮ್ಮನ ಮಗ 24 ಇಂಚು ಸಾಕು, ಉಳಿದ ಹಣದಲ್ಲಿ ಒಳ್ಳೆಯ ಮೈಕ್ ಕೊಳ್ಳಿ ಅತ್ತೆ ಎನ್ನುತ್ತಾನೆ. ನನ್ನ ಬಳಿ ಬಡಗಿಯಿಂದ ಮಾಡಿಸಿದ ನಾಲ್ಕಡಿ ಅಗಲ, ಎರಡಡಿ ಆಳದ ಮೇಜಿದೆ. ಅದರ ಎರಡು ತುದಿಗಳಲ್ಲಿ 5 ಇಂಚಿನ ಸ್ಪೀಕರುಗಳಿವೆ, ಒಂದೊಂದರ ಅಗಲ 19 ಸೆಂಟಿಮೀಟರ್. 25 ಸಾವಿರದವರೆಗೆ ಖರ್ಚು ಮಾಡಬಲ್ಲೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಚಳ್ಳಕೆರೆ ಕೀಬೋರ್ಡ್

ಮಾನಿಟರ್ ಎಂದು ಓದಿದ ಕೂಡಲೇ 32 ಇಂಚಿನ ಸ್ಪೀಕರನ್ನು ಮನೆಯೊಳಗೆ ಇಡುವವರು ಯಾರಪ್ಪಾ ಎಂದು ಗಾಬರಿಯಾಯಿತು. ಆಮೇಲೆ ಪೂರ್ತಿ ಓದಿದೆ. ನಮ್ಮ ಕಸುಬಿನಲ್ಲಿ ಸ್ಪೀಕರಿಗೂ ಮಾನಿಟರ್ ಎನ್ನುತ್ತಾರೆ, ಟಿವಿಯಂಥದ್ದಕ್ಕೂ ಮಾನಿಟರ್ ಎನ್ನುತ್ತಾರೆ. ಈ ಚರ್ಚೆಯಲ್ಲಾದರೂ ಕಾಣುವುದಕ್ಕೆ ಪರದೆ, ಕೇಳುವುದಕ್ಕೆ ಸ್ಪೀಕರ್ ಎಂದು ಬರೆದರೆ ಗೊಂದಲ ತಪ್ಪುತ್ತದೆ.

ಕೋಟೆ ಕೆಳಗಿನವರು, ಚಿತ್ರದುರ್ಗ

ಮೇಡಂ, ಅಂಗಡಿಯವರೂ ನಿಮ್ಮ ತಮ್ಮನ ಮಗನೂ ಇಂಚಿನಿಂದ ಲೆಕ್ಕ ಶುರು ಮಾಡಿದ್ದಾರೆ. ನಾನು ಇಪ್ಪತ್ತು ವರ್ಷಗಳಿಂದ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದೇನೆ, ನನ್ನ ಪ್ರಕಾರ ಲೆಕ್ಕ ಸ್ಪೀಕರಿನಿಂದ ಶುರುವಾಗಬೇಕು. ಎರಡು ಸ್ಪೀಕರುಗಳು ಮತ್ತು ನಿಮ್ಮ ತಲೆ, ಈ ಮೂರೂ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿರಬೇಕು ಎಂಬುದು ನಿಮಗೂ ಗೊತ್ತಿರುವ ನಿಯಮ. ನಿಮ್ಮ ಮೇಜು ನಾಲ್ಕಡಿ, ಅಂದರೆ 122 ಸೆಂಟಿಮೀಟರ್. ಸ್ಪೀಕರುಗಳನ್ನು ತುದಿಯಿಂದ ತುಸು ಒಳಗಿಟ್ಟರೆ ಅವುಗಳ ನಡುಬಿಂದುಗಳ ಅಂತರ ಸುಮಾರು 95 ಸೆಂಟಿಮೀಟರ್ ಆಗುತ್ತದೆ. ಆಗ ನಿಮ್ಮ ಕಿವಿಯೂ ಪ್ರತಿ ಸ್ಪೀಕರಿನಿಂದ 95 ಸೆಂಟಿಮೀಟರ್ ದೂರದಲ್ಲಿರಬೇಕು, ಅಂದರೆ ಸ್ಪೀಕರುಗಳ ಸಾಲಿನಿಂದ ನೇರವಾಗಿ ಅಳೆದರೆ 82 ಸೆಂಟಿಮೀಟರ್. ಪರದೆ ಆ ಸಾಲಿಗಿಂತ ಒಂದೆರಡು ಬೆರಳು ಹಿಂದಿರಬೇಕಾದುದರಿಂದ ನಿಮ್ಮ ಕಣ್ಣಿಗೂ ಪರದೆಗೂ ನಡುವೆ ಹತ್ತಿರ ಹತ್ತಿರ 85 ಸೆಂಟಿಮೀಟರ್ ಇರುತ್ತದೆ. ಕಚೇರಿಯಲ್ಲಿ ಕುಳಿತು ಟೈಪ್ ಮಾಡುವವರ ಕಣ್ಣಿಗೂ ಪರದೆಗೂ ಇರುವ ಅಂತರಕ್ಕಿಂತ ಇದು ಹೆಚ್ಚು, ಮತ್ತು ಇಂಟರ್ನೆಟ್ಟಿನಲ್ಲಿ ಸಿಗುವ ಬಹುಪಾಲು ಸಲಹೆಗಳು ಆ ಟೈಪ್ ಮಾಡುವವರಿಗಾಗಿ ಬರೆದವು.

ಈ 85 ಸೆಂಟಿಮೀಟರೇ ರೆಸಲ್ಯೂಶನ್ನಿನ, ಅಂದರೆ ಪರದೆಯಲ್ಲಿ ಎಷ್ಟು ಚುಕ್ಕೆಗಳಿರಬೇಕೆಂಬ ಪ್ರಶ್ನೆಯನ್ನು ಅರ್ಧ ಬಗೆಹರಿಸುತ್ತದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು. 85 ಸೆಂಟಿಮೀಟರ್ ದೂರದಲ್ಲಿ ಅದು ಸುಮಾರು 0.25 ಮಿಲಿಮೀಟರ್. 27 ಇಂಚಿನ 2560 × 1440 ಪರದೆಯಲ್ಲಿ ಒಂದು ಚುಕ್ಕೆಯ ಅಗಲ 0.233 ಮಿಲಿಮೀಟರ್, ಅಂದರೆ ಅಲ್ಲಿಂದ ನಿಮಗೆ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. 24 ಇಂಚಿನ 1920 × 1080 ಪರದೆಯಲ್ಲಿ ಚುಕ್ಕೆ 0.277 ಮಿಲಿಮೀಟರ್, ಹುಡುಕಿದರೆ ಕಂಡೀತು, ಕೆಲಸಕ್ಕೆ ಅಡ್ಡಿಯಿಲ್ಲ. 27 ಇಂಚಿನಲ್ಲೇ 1920 × 1080 ತೆಗೆದುಕೊಂಡರೆ 0.311, ಅಕ್ಷರದ ಅಂಚು ಒರಟಾಗುತ್ತದೆ. 27 ಇಂಚಿನ 4ಕೆಯಲ್ಲಿ 0.156, ಆ ನಯವನ್ನು ಸವಿಯಬೇಕಾದರೆ ನೀವು 53 ಸೆಂಟಿಮೀಟರಿನಷ್ಟು ಹತ್ತಿರ ಬರಬೇಕು, ಬಂದರೆ ತ್ರಿಕೋನ ಕೆಡುತ್ತದೆ.

ಆದ್ದರಿಂದ ನಿಮ್ಮ ಮೇಜಿಗೆ ನನ್ನ ಶಿಫಾರಸು 27 ಇಂಚು, 2560 × 1440. ಆದರೆ ನನ್ನ ಮಾತು ಕೇಳಿ ದುಡ್ಡು ಕೊಡಬೇಡಿ. ಮೊದಲು ರಟ್ಟನ್ನು ಕತ್ತರಿಸಿ ಮೇಜಿನ ಮೇಲೆ ನಿಲ್ಲಿಸಿ ನೋಡಿ. 24 ಇಂಚಿಗೆ 53 × 30 ಸೆಂಟಿಮೀಟರ್, 27 ಇಂಚಿಗೆ 60 × 34, 32 ಇಂಚಿಗೆ 71 × 40. ಅಂಚಿನ ಪಟ್ಟಿಗೆಂದು ಸುತ್ತಲೂ ಅರ್ಧ ಸೆಂಟಿಮೀಟರ್ ಸೇರಿಸಿ.

ಪಿಜೆ ಬಡಾವಣೆ ಬೀಟ್ಸ್, ದಾವಣಗೆರೆ

ಮೇಡಂ, ಮೇಲಿನ ಸರ್ ಹೇಳಿದ 27 ಇಂಚಿನ 1920 × 1080 ಪರದೆಯನ್ನೇ ಕೊಂಡು ಪಶ್ಚಾತ್ತಾಪಪಡುತ್ತಿರುವವನು ನಾನು. ಬೆಲೆ ಕಡಿಮೆ, ಗಾತ್ರ ದೊಡ್ಡದು ಎಂದು ತಂದೆ. ಪೆಟ್ಟಿಗೆ ಬಿಚ್ಚಿದ ದಿನ ಭಾರಿ ಖುಷಿಯಾಯಿತು, ಮರುದಿನ ನಾನು ಬಳಸುವ ಸಂಗೀತ ಸಾಫ್ಟ್‌ವೇರ್ ಎಫ್‌ಎಲ್ ಸ್ಟುಡಿಯೊ ತೆರೆದಾಗ ತಿಳಿಯಿತು: ಲ್ಯಾಪ್‌ಟಾಪಿನಲ್ಲಿ ಎಷ್ಟು ಟ್ರ್ಯಾಕುಗಳು ಕಾಣುತ್ತಿದ್ದವೋ ಇಲ್ಲಿಯೂ ಅಷ್ಟೇ, ಎಲ್ಲವೂ ದಪ್ಪವಾಗಿವೆ ಅಷ್ಟೆ. ಜಾಗ ಹೆಚ್ಚುವುದು ಇಂಚಿನಿಂದಲ್ಲ, ಚುಕ್ಕೆಗಳ ಸಂಖ್ಯೆಯಿಂದ ಎಂಬುದು ಹಣ ಕೊಟ್ಟ ಮೇಲೆ ಅರ್ಥವಾದ ಪಾಠ. ಮಿಕ್ಸರಿನ ಒಂದು ಪಟ್ಟಿಗೆ 80 ಚುಕ್ಕೆ (ಪಿಕ್ಸೆಲ್) ಬೇಕು ಎಂದು ಲೆಕ್ಕ ಹಿಡಿದರೆ 1920ರಲ್ಲಿ 24 ಪಟ್ಟಿಗಳು, 2560ರಲ್ಲಿ 32 ಪಟ್ಟಿಗಳು ಹಿಡಿಯುತ್ತವೆ. ನಿಮ್ಮ ಇಪ್ಪತ್ತೈದು ಟ್ರ್ಯಾಕುಗಳಿಗೆ ಈ ವ್ಯತ್ಯಾಸವೇ ನಿರ್ಣಾಯಕ.

ಇನ್ನೊಂದು ಮಾತು. ಸಾಹಿತ್ಯವನ್ನು ಪರದೆಯ ಮೇಲೆ ಓದಬೇಕೆಂದಿದ್ದೀರಿ. ಇಂಗ್ಲಿಷ್ ಅಕ್ಷರವಾದರೆ ಒರಟು ಪರದೆಯಲ್ಲೂ ನಡೆಯುತ್ತದೆ. ಕನ್ನಡದ ಒತ್ತಕ್ಷರಗಳು ನನ್ನ ಪರದೆಯಲ್ಲಿ ಸಣ್ಣ ಗಾತ್ರಕ್ಕಿಳಿದರೆ ಕಲಸಿದ ಮುದ್ದೆಯಾಗುತ್ತವೆ. ‘ರಾಷ್ಟ್ರ’ದ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಯಾವುದು ಟ, ಯಾವುದು ರ ಎಂದು ಊಹಿಸಿ ಓದಬೇಕು.

ಹರಿಹರ ಲಾಜಿಕ್

ಇದುವರೆಗಿನ ಮಾತು ವಿಂಡೋಸ್‌ಗೆ ಸರಿ. ಮ್ಯಾಕ್ ಬಳಸುವವರು ಈ ಚರ್ಚೆಯನ್ನು ಓದಿ 1440 ಪರದೆ ಕೊಂಡುಬಿಡಬಾರದೆಂದು ಬರೆಯುತ್ತಿದ್ದೇನೆ. 2018ರ ಮೊಹಾವೆ ಆವೃತ್ತಿಯಿಂದ ಮ್ಯಾಕ್‌ನಲ್ಲಿ ಅಕ್ಷರದ ಅಂಚನ್ನು ನಯಗೊಳಿಸುವ ಹಳೆಯ ಉಪಾಯವೊಂದನ್ನು ಕೈಬಿಟ್ಟಿದ್ದಾರೆ. ಹೀಗಾಗಿ ಚುಕ್ಕೆ ದಟ್ಟಣೆ ಕಡಿಮೆಯಿರುವ ಪರದೆಗಳಲ್ಲಿ ಅಕ್ಷರ ಮಂಕಾಗಿ ಕಾಣುತ್ತದೆ. ನಾನು 27 ಇಂಚಿನ 4ಕೆ ಇಟ್ಟುಕೊಂಡು, ಅದು 2560 × 1440ರಷ್ಟು ಜಾಗ ತೋರುವಂತೆ ಹೊಂದಿಸಿದ್ದೇನೆ. ಆಗ ಮ್ಯಾಕ್ ಒಳಗೊಳಗೆ 5120 × 2880 ಗಾತ್ರದ ಚಿತ್ರ ಬರೆದು, ಅದನ್ನು 3840 × 2160ಕ್ಕೆ ಕುಗ್ಗಿಸಿ ಕಳುಹಿಸುತ್ತದೆ. ಈಗಿನ ಯಂತ್ರಗಳಿಗೆ ಅದೇನೂ ಭಾರವಲ್ಲ.

ಎರಡು ಕನ್ನಡಕ, ಚಿತ್ರದುರ್ಗ

ನಾನು ನಿವೃತ್ತ ಲೆಕ್ಕಿಗ, ಹಾರ್ಮೋನಿಯಂ ನುಡಿಸುತ್ತೇನೆ, ಭಜನಾ ಮಂಡಳಿಯ ಹಾಡುಗಳನ್ನು ಮುದ್ರಿಸಿಡುವುದು ಹವ್ಯಾಸ. 27 ಇಂಚಿನ ಪರವಾಗಿ ಇಷ್ಟೊಂದು ಮಾತು ಬಂದಿರುವುದರಿಂದ ಎದುರು ಪಕ್ಷವನ್ನು ನಾನು ವಹಿಸುತ್ತೇನೆ.

ಕಣ್ಣಿನ ವಿಷಯದಲ್ಲಿ ‘ಆರೋಗ್ಯವಂತ ಕಣ್ಣು’ ಎಂದು ಕೋಟೆ ಕೆಳಗಿನವರು ಸುಲಭವಾಗಿ ಬರೆದುಬಿಟ್ಟಿದ್ದಾರೆ. ನನಗೆ ಅರವತ್ನಾಲ್ಕು. 85 ಸೆಂಟಿಮೀಟರ್ ದೂರದಿಂದ 27 ಇಂಚಿನ 1440 ಪರದೆಯ ಮೇಲೆ ಫೇಡರಿನ (ಧ್ವನಿ ಏರಿಳಿಸುವ ಜಾರುಗುಂಡಿಯ) ಪಕ್ಕದ ಡೆಸಿಬಲ್ ಅಂಕಿಗಳನ್ನು ಓದಲು ನಾನು ಮುಂದಕ್ಕೆ ಬಾಗುತ್ತಿದ್ದೆ, ಬಾಗಿದರೆ ಕೇಳುವ ಜಾಗವೇ ತಪ್ಪುತ್ತಿತ್ತು. 32 ಇಂಚಿನ 4ಕೆ ತಂದು ವಿಂಡೋಸ್‌ನಲ್ಲಿ 150 ಪ್ರತಿಶತ ಹಿಗ್ಗಿಸಿದೆ. 3840ನ್ನು ಒಂದೂವರೆಯಿಂದ ಭಾಗಿಸಿದರೆ 2560, 2160ನ್ನು ಭಾಗಿಸಿದರೆ 1440. ಅಂದರೆ ಸಿಗುವ ಜಾಗ ಅಷ್ಟೇ, ಆದರೆ ಪ್ರತಿ ಅಕ್ಷರವೂ 27 ಇಂಚಿಗಿಂತ ಸುಮಾರು ಐದನೇ ಒಂದು ಪಾಲು ದೊಡ್ಡದು. ಹೆಚ್ಚಿನ ಚುಕ್ಕೆಗಳನ್ನು ಜಾಗಕ್ಕಾಗಿ ಅಲ್ಲದೆ ಅಕ್ಷರದ ಅಚ್ಚುಕಟ್ಟಿಗಾಗಿ ಖರ್ಚು ಮಾಡಿದ್ದೇನೆ ಎನ್ನಿ.

ಪ್ರೊಗ್ರೆಸಿವ್ ಕನ್ನಡಕ ಹಾಕುವವರಿಗೆ ಒಂದು ಎಚ್ಚರಿಕೆ. ಆ ಗಾಜಿನಲ್ಲಿ ಹತ್ತಿರದ್ದನ್ನು ನೋಡುವ ಭಾಗ ಕೆಳಗಿರುತ್ತದೆ. ಪರದೆ ಎತ್ತರವಾದರೆ ಗದ್ದ ಎತ್ತಿ ನೋಡಬೇಕಾಗುತ್ತದೆ, ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತದೆ. ನಾನು ಪರದೆ ನೋಡಲೆಂದೇ ಆ ದೂರಕ್ಕೆ ಹೊಂದುವ ಇನ್ನೊಂದು ಕನ್ನಡಕ ಮಾಡಿಸಿಕೊಂಡೆ. ಹೆಸರು ನೋಡಿ ನಕ್ಕವರಿಗೆ ಈಗ ಕಾರಣ ತಿಳಿದಿರಬೇಕು.

ಚಳ್ಳಕೆರೆ ಕೀಬೋರ್ಡ್

ನಮ್ಮಂಥ ಬಡವರ ದಾರಿಯನ್ನೂ ಹೇಳಿಬಿಡುತ್ತೇನೆ: 43 ಇಂಚಿನ 4ಕೆ ಟಿವಿ. ಹಿಗ್ಗಿಸುವ ಗೊಡವೆಯೇ ಇಲ್ಲದೆ ನೂರಕ್ಕೆ ನೂರು 3840 × 2160 ಜಾಗ ಸಿಗುತ್ತದೆ, ಚುಕ್ಕೆ ದಟ್ಟಣೆ ಇಂಚಿಗೆ 102, ಅಂದರೆ 27 ಇಂಚಿನ 1440ಕ್ಕಿಂತ ತುಸುವೇ ಕಡಿಮೆ. ಆದರೆ ತಂದ ಮೊದಲ ವಾರ ಕೆಂಪು ಬಣ್ಣದ ಅಕ್ಷರಗಳೆಲ್ಲ ನೀರಲ್ಲಿ ಅದ್ದಿದಂತೆ ಹರಡಿಕೊಂಡಿದ್ದವು. ಟಿವಿಗಳು ಸಿನಿಮಾಕ್ಕೆಂದು ಬಣ್ಣದ ವಿವರವನ್ನು ಕಡಿಮೆ ಮಾಡಿ ತೋರಿಸುತ್ತವೆ. ಸೆಟ್ಟಿಂಗಿನಲ್ಲಿ ಕಂಪ್ಯೂಟರಿನ ತಂತಿ ಸಿಕ್ಕಿಸಿದ ಕಿಂಡಿಗೆ ‘ಪಿಸಿ’ ಎಂದು ಗುರುತು ಹಾಕಿದ ಮೇಲೆ, ಅಂದರೆ 4:4:4 ಬಣ್ಣಕ್ಕೆ ಬದಲಾದ ಮೇಲೆ ಸರಿಯಾಯಿತು. ಎಲ್ಲ ಟಿವಿಗಳಲ್ಲಿ ಆ ಅನುಕೂಲ ಇರುವುದಿಲ್ಲ, ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ನಿಮಗೆ ಇದನ್ನು ಶಿಫಾರಸು ಮಾಡುವುದಿಲ್ಲ ಮೇಡಂ. ಅದು 95 ಸೆಂಟಿಮೀಟರ್ ಅಗಲವಿದೆ. ನನ್ನ ಸ್ಪೀಕರುಗಳು ಮೇಜಿನ ಮೇಲಿಲ್ಲ, ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಮೇಲಿವೆ.

ನಿಟ್ಟುವಳ್ಳಿ ತಂಬೂರಿ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ಭಾನುವಾರ ಬೆಳಿಗ್ಗೆ ರಟ್ಟಿನ ಪ್ರಯೋಗ ಮಾಡಿದೆ. ಫ್ರಿಜ್ ಬಂದಿದ್ದ ದೊಡ್ಡ ಪೆಟ್ಟಿಗೆಯನ್ನು ಬಿಚ್ಚಿ ಮೂರು ಅಳತೆಗಳಲ್ಲಿ ಕತ್ತರಿಸಿ, ಹಿಂದೆ ಒಂದೊಂದು ಇಟ್ಟಿಗೆ ಕೊಟ್ಟು ನಿಲ್ಲಿಸಿದೆ.

32 ಇಂಚಿನ ರಟ್ಟು ಇಟ್ಟಾಗ ಎರಡು ಸ್ಪೀಕರು ಸೇರಿ 110 ಸೆಂಟಿಮೀಟರ್ ತುಂಬಿಹೋಯಿತು. ಉಳಿದದ್ದು ಹನ್ನೆರಡು ಸೆಂಟಿಮೀಟರ್. ಸ್ಪೀಕರನ್ನು ಒಳಮುಖವಾಗಿ ತಿರುಗಿಸಲು ಹೋದರೆ ಅದರ ಹಿಂಬದಿ ಮೇಜಿನಂಚಿನಿಂದ ಹೊರಗೆ ಚಾಚಿಕೊಂಡಿತು. ಎತ್ತರದ್ದು ಇನ್ನೂ ತೊಂದರೆ. ಮೇಜು ನೆಲದಿಂದ 75 ಸೆಂಟಿಮೀಟರ್ ಇದೆ, ಪರದೆಯ ಕಾಲಿಗೆಂದು 12 ಸೆಂಟಿಮೀಟರ್ ಎತ್ತಿ ನಿಲ್ಲಿಸಿದರೆ ರಟ್ಟಿನ ಮೇಲಂಚು 128ಕ್ಕೆ ಬಂತು. ಕುಳಿತಾಗ ನನ್ನ ಕಣ್ಣು ಇರುವುದು 116ರಲ್ಲಿ. 27 ಇಂಚಿನದ್ದು 122ಕ್ಕೆ ನಿಂತಿತು, ಕಾಲನ್ನು ಇನ್ನಷ್ಟು ತಗ್ಗಿಸಿದರೆ ಸರಿಹೋಗುತ್ತದೆ.

ಆದರೆ ನಿಮಗೆ ಹೇಳಬೇಕೆಂದಿದ್ದುದು ಬೇರೆ. ರಟ್ಟು ನಿಂತಿರುವಾಗಲೇ ಸುಮ್ಮನೆ ತಂಬೂರಿಯ ರೆಕಾರ್ಡಿಂಗ್ ಹಾಕಿದೆ. ರಟ್ಟನ್ನು ಗೋಡೆಯ ಕಡೆಯಿಂದ ನಿಧಾನವಾಗಿ ಮುಂದಕ್ಕೆ ಎಳೆಯುತ್ತಾ ಬಂದಂತೆ, ಅದು ಸ್ಪೀಕರುಗಳ ಮುಖವನ್ನು ದಾಟಿದ ಕೂಡಲೇ ಜೀವಾಳದ (ತಂತಿಯಡಿ ಸಿಕ್ಕಿಸುವ ದಾರದ) ಝೇಂಕಾರದ ಬಣ್ಣವೇ ಬದಲಾಯಿತು. ಮೂಗು ಹಿಡಿದುಕೊಂಡು ಹಾಡಿದ ಹಾಗೆ ಕೇಳಿಸಿತು. ಹಿಂದಕ್ಕೆ ತಳ್ಳಿದರೆ ಮತ್ತೆ ಮೊದಲಿನಂತಾಯಿತು. ನಾಲ್ಕು ಸಲ ಮಾಡಿ ನೋಡಿದೆ, ನಾಲ್ಕು ಸಲವೂ ಹಾಗೆಯೇ. ಇದು ನನ್ನ ಭ್ರಮೆಯೇ?

ಕೋಟೆ ಕೆಳಗಿನವರು, ಚಿತ್ರದುರ್ಗ

ಭ್ರಮೆಯಲ್ಲ ಮೇಡಂ. ಸ್ಪೀಕರಿನಿಂದ ನೇರವಾಗಿ ಕಿವಿಗೆ ಬರುವ ಧ್ವನಿಯ ಜೊತೆಗೆ, ಪರದೆಗೋ ಮೇಜಿಗೋ ಬಡಿದು ಬರುವ ಧ್ವನಿಯೂ ಕ್ಷಣಭಾಗ ತಡವಾಗಿ ಬಂದು ಸೇರುತ್ತದೆ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಸುತ್ತಿ ಬಂದ ದಾರಿ 34 ಸೆಂಟಿಮೀಟರ್ ಉದ್ದವಾಗಿದ್ದರೆ ಅದು ಒಂದು ಮಿಲಿಸೆಕೆಂಡ್ ತಡವಾಗುತ್ತದೆ. ಆಗ 500 ಹರ್ಟ್ಸ್ ಸುತ್ತಮುತ್ತ ಎರಡೂ ಒಂದನ್ನೊಂದು ಕಳೆದುಹಾಕುತ್ತವೆ, ಆಮೇಲೆ 1500ರಲ್ಲಿ, 2500ರಲ್ಲಿ, ಹೀಗೆ ಬಾಚಣಿಗೆಯ ಹಲ್ಲುಗಳ ನಡುವಿನ ಸಂದುಗಳಂತೆ ಅಲ್ಲಲ್ಲಿ ತೂತು ಬೀಳುತ್ತದೆ. ತಂಬೂರಿಯಲ್ಲಿ ಅನುಸ್ವರಗಳು (ಮೂಲ ಸ್ವರದ ಜೊತೆಗೇ ಮೇಲೆ ಹುಟ್ಟುವ ಸಣ್ಣ ಸ್ವರಗಳು) ಹೇರಳವಾಗಿರುವುದರಿಂದ ನಿಮಗೆ ಅದು ತಕ್ಷಣ ಗೊತ್ತಾಗಿದೆ. ಮಕ್ಕಳ ಕೋರಸ್ಸನ್ನು ಹಾಕಿದ್ದರೆ ಬಹುಶಃ ಗೊತ್ತಾಗುತ್ತಿರಲಿಲ್ಲ. ಇಷ್ಟು ವರ್ಷ ಪರದೆಗಳ ಬಗ್ಗೆ ಮಾತನಾಡಿದ್ದೇನೆ, ತಂಬೂರಿಯಿಂದ ಪರೀಕ್ಷಿಸುವ ಬುದ್ಧಿ ನನಗೆ ಹೊಳೆದಿರಲಿಲ್ಲ.

ಪರದೆ ಸ್ಪೀಕರುಗಳ ಮುಖಕ್ಕಿಂತ ಹಿಂದೆ ಇರುವವರೆಗೆ ಅದರಿಂದಾಗುವ ಕೆಡುಕು ಅಲ್ಪ. ನಿಜಕ್ಕೂ ಅದಕ್ಕಿಂತ ದೊಡ್ಡ ಅಪರಾಧಿ ನಿಮ್ಮ ಮೇಜಿನ ಹಲಗೆ. ಸ್ಪೀಕರನ್ನು ಹತ್ತು ಸೆಂಟಿಮೀಟರ್ ಎತ್ತರಿಸಿ, ಟ್ವೀಟರ್ (ತಾರ ಸ್ವರ ನುಡಿಸುವ ಅದರ ಸಣ್ಣ ಭಾಗ) ಕಿವಿಯ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ.

ಪಿಜೆ ಬಡಾವಣೆ ಬೀಟ್ಸ್, ದಾವಣಗೆರೆ

ಸರ್, ಒಂದು ದೊಡ್ಡ ಪರದೆಗಿಂತ 24 ಇಂಚಿನವು ಎರಡು ಒಳ್ಳೆಯವಲ್ಲವೇ? ಒಂದರಲ್ಲಿ ಟ್ರ್ಯಾಕುಗಳು, ಇನ್ನೊಂದರಲ್ಲಿ ಮಿಕ್ಸರ್. ಯೂಟ್ಯೂಬಿನಲ್ಲಿ ನೋಡುವ ಸ್ಟುಡಿಯೊಗಳಲ್ಲೆಲ್ಲ ಹಾಗೆಯೇ ಇರುತ್ತದೆ. ಇಲ್ಲವಾದರೆ 34 ಇಂಚಿನ ಅಗಲ ಪರದೆ?

ಕೋಟೆ ಕೆಳಗಿನವರು, ಚಿತ್ರದುರ್ಗ

ತಮ್ಮಾ, ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟರೆ 108 ಸೆಂಟಿಮೀಟರ್ ಆಯಿತು, ನಾಲ್ಕಡಿ ಮೇಜಿನಲ್ಲಿ ಸ್ಪೀಕರಿಗೆ ಜಾಗವೆಲ್ಲಿ? ಜಾಗವಿದ್ದರೂ ಸರಿಯಾಗಿ ನಡುವೆ, ಗಾಯಕನ ಧ್ವನಿ ನಿಲ್ಲಬೇಕಾದ ಕಡೆ, ಎರಡು ಪರದೆಗಳ ಅಂಚು ಕೂಡುತ್ತದೆ. ಕೆಲಸ ಮಾಡುವವನು ಗಂಟೆಗಟ್ಟಲೆ ಎಡಕ್ಕೋ ಬಲಕ್ಕೋ ಮುಖ ತಿರುಗಿಸಿ ಕೂರುತ್ತಾನೆ. ಒಂದು ಕಿವಿ ಸ್ಪೀಕರಿಗೆ, ಇನ್ನೊಂದು ಗೋಡೆಗೆ. ಹಾಗೆ ಮಿಕ್ಸ್ ಮಾಡಿದ ಹಾಡುಗಳಲ್ಲಿ ಎಡಬಲಗಳ ತೂಕ ತಪ್ಪಿರುವುದನ್ನು ಕೇಳಿದ್ದೇನೆ, ಮಾಡಿದವರಲ್ಲಿ ನಾನೂ ಒಬ್ಬ.

34 ಇಂಚಿನ 3440 × 1440 ಪರದೆ ಟ್ರ್ಯಾಕುಗಳ ಉದ್ದವನ್ನು ನೋಡಲು ಬಹಳ ಹಿತ, ಎತ್ತರವೂ 27 ಇಂಚಿನಷ್ಟೇ. ಆದರೆ ಅಂಚು ಸೇರಿ 81 ಸೆಂಟಿಮೀಟರ್, ಎರಡು ಸ್ಪೀಕರಿಗೆ 38, ಒಟ್ಟು 119. ಮೇಡಂ ಅವರ ಮೇಜಿನಲ್ಲಿ ಮೂರು ಸೆಂಟಿಮೀಟರ್ ಉಳಿಯುತ್ತದೆ, ಒಂದು ಕಡ್ಡಿಪೆಟ್ಟಿಗೆಯನ್ನು ನಿಲ್ಲಿಸಿಡಬಹುದು.

ಎರಡನೇ ಪರದೆ ಬೇಕೆನಿಸಿದರೆ ಲ್ಯಾಪ್‌ಟಾಪ್ ಇದೆಯಲ್ಲ. ಅದನ್ನು ಬದಿಯಲ್ಲಿ ತಗ್ಗಾಗಿ ಇಟ್ಟು ಸಾಹಿತ್ಯವನ್ನೋ ಮೀಟರುಗಳನ್ನೋ ಅದರಲ್ಲಿ ತೆರೆದಿಡಿ. ರೀಪರಿನಲ್ಲಿ ಸ್ಕ್ರೀನ್‌ಸೆಟ್ ಎಂಬ ಅನುಕೂಲವಿದೆ: ರೆಕಾರ್ಡಿಂಗಿಗೆ ಒಂದು ಜೋಡಣೆ, ಎಡಿಟಿಂಗಿಗೆ ಒಂದು, ಮಿಕ್ಸಿಂಗಿಗೆ ಒಂದು ಎಂದು ಉಳಿಸಿಟ್ಟುಕೊಂಡು ಒಂದು ಕೀಲಿ ಒತ್ತಿ ಬದಲಾಯಿಸಬಹುದು. ಇದನ್ನು ಕಲಿತವರಿಗೆ ಪರದೆಯ ಹಸಿವು ಅರ್ಧ ಇಳಿಯುತ್ತದೆ.

ನಿಟ್ಟುವಳ್ಳಿ ತಂಬೂರಿ, ದಾವಣಗೆರೆ

27 ಇಂಚು ಎಂದು ಮನಸ್ಸು ಗಟ್ಟಿಯಾಗಿದೆ. ಆದರೂ ಒಂದು ಅನುಮಾನ. ಸ್ವಲ್ಪ ಹೆಚ್ಚು ಹಣ ಹಾಕಿದರೆ ಅದೇ ಗಾತ್ರದಲ್ಲಿ 4ಕೆ ಸಿಗುತ್ತದೆ, ಎರಡು ಕನ್ನಡಕದ ಸರ್ ಹೇಳಿದಂತೆ 150 ಪ್ರತಿಶತ ಹಿಗ್ಗಿಸಿಕೊಳ್ಳಬಹುದು. ನನ್ನ ಲ್ಯಾಪ್‌ಟಾಪ್ ಏಳು ವರ್ಷದ್ದು, ಎಚ್‌ಡಿಎಂಐ ಕಿಂಡಿ ಒಂದೇ ಇದೆ. ತೊಂದರೆಯಾಗಬಹುದೇ?

ಕೋಟೆ ಕೆಳಗಿನವರು, ಚಿತ್ರದುರ್ಗ

ಆಗಬಹುದು, ನನಗೆ ಆಗಿದೆ. ಹಳೆಯ ಲ್ಯಾಪ್‌ಟಾಪಿಗೆ ಒಮ್ಮೆ 4ಕೆ ಪರದೆ ಸಿಕ್ಕಿಸಿ ಮಿಕ್ಸಿಂಗಿಗೆ ಕುಳಿತೆ. ಫೇಡರ್ ಎಳೆದರೆ ಅದು ಜಾರುವುದಿಲ್ಲ, ಮೆಟ್ಟಿಲು ಹತ್ತುತ್ತದೆ. ಮೌಸಿನ ಬಾಣ ಕೈಗಿಂತ ಹಿಂದೆ ಉಳಿಯುತ್ತದೆ, ಹಾಡಿನ ಮೇಲೆ ಓಡುವ ಗೆರೆ ಕುಪ್ಪಳಿಸುತ್ತದೆ. ಲ್ಯಾಪ್‌ಟಾಪೇ ಕೆಟ್ಟಿತೆಂದು ರಿಪೇರಿಗೆ ಕೊಟ್ಟೆ, ಅವರು ವಿಂಡೋಸ್ ಹೊಸದಾಗಿ ಹಾಕಿ ಹಣ ತೆಗೆದುಕೊಂಡರು, ಮನೆಗೆ ಬಂದ ಮೇಲೂ ಅದೇ ಕತೆ. ಕಾರಣ ಸರಳವಾಗಿತ್ತು: ಆ ಲ್ಯಾಪ್‌ಟಾಪಿನ ಕಿಂಡಿ ಎಚ್‌ಡಿಎಂಐ 1.4. ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 33 ಮಿಲಿಸೆಕೆಂಡ್. 60 ಸಲ ಬೇಕೆಂದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇರಬೇಕು. ಅದೇ 1.4ರ ಕಿಂಡಿಯಲ್ಲಿ 2560 × 1440 ಚಿತ್ರ 60 ಸಲ ಹೋಗಬಲ್ಲದು.

ಚುಕ್ಕೆಗಳ ಲೆಕ್ಕವನ್ನೂ ನೋಡಿ: 1920 × 1080 ಎಂದರೆ ಸುಮಾರು 20 ಲಕ್ಷ, 2560 × 1440 ಎಂದರೆ 37 ಲಕ್ಷ, 4ಕೆ ಎಂದರೆ 83 ಲಕ್ಷ. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಹಳೆಯ ಲ್ಯಾಪ್‌ಟಾಪು 83 ಲಕ್ಷ ಚುಕ್ಕೆಗಳನ್ನು ಬರೆಯುತ್ತಾ, ಜೊತೆಗೆ ಇಪ್ಪತ್ತೈದು ಟ್ರ್ಯಾಕುಗಳನ್ನೂ ನುಡಿಸುತ್ತಾ ಬಿಸಿಯಾಗುತ್ತದೆ, ಫ್ಯಾನು ಗುಯ್ಯೆನ್ನುತ್ತದೆ. ನಿಮ್ಮ ಮೈಕು ಅದೇ ಕೋಣೆಯಲ್ಲಿದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ, ರೆಕಾರ್ಡಿಂಗಿಗೆಂದು ಸೀಲಿಂಗ್ ಫ್ಯಾನ್ ಆರಿಸಿ ಬೆವರುತ್ತಾ ಕುಳಿತವರಿಗೆ ಲ್ಯಾಪ್‌ಟಾಪಿನ ಫ್ಯಾನು ಕೇಳಿಸುವಷ್ಟು ಸಂಕಟ ಬೇರೊಂದಿಲ್ಲ.

ಹಳೆಯ ಪ್ಲಗಿನ್‌ಗಳ, ಅಂದರೆ ರೀಪರಿನೊಳಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್‌ಗಳ ಮಾತೂ ಇದೆ. ಹಿಗ್ಗಿಸುವುದನ್ನು ಅರಿಯದ ಪ್ಲಗಿನ್ನು 4ಕೆಯಲ್ಲಿ ಒಂದೋ ಅಂಚೆ ಚೀಟಿಯಷ್ಟು ಸಣ್ಣದಾಗಿ ತೆರೆದುಕೊಳ್ಳುತ್ತದೆ, ಇಲ್ಲವೇ ವಿಂಡೋಸ್ ಅದನ್ನು ಜಗ್ಗಿ ಮಸುಕಾಗಿ ತೋರಿಸುತ್ತದೆ. ನೀವು ಬಳಸುವ ಪ್ಲಗಿನ್‌ಗಳೆಲ್ಲ ಹೊಸವಾದರೆ ಚಿಂತೆಯಿಲ್ಲ. 1440ರಲ್ಲಿ ಹಿಗ್ಗಿಸುವ ಪ್ರಮೇಯವೇ ಬರದಿರುವುದರಿಂದ ಈ ರಗಳೆ ಇರುವುದಿಲ್ಲ.

ಪಿಜೆ ಬಡಾವಣೆ ಬೀಟ್ಸ್, ದಾವಣಗೆರೆ

ಎಫ್‌ಎಲ್ ಸ್ಟುಡಿಯೊದ ಚೌಕಟ್ಟು 12ನೇ ಆವೃತ್ತಿಯಿಂದ ವೆಕ್ಟರ್ ರೂಪದಲ್ಲಿರುವುದರಿಂದ ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಏಬಲ್ಟನ್ ಲೈವ್‌ನಲ್ಲಿಯೂ ಇಡೀ ಪರದೆಯನ್ನು 50ರಿಂದ 200 ಪ್ರತಿಶತದವರೆಗೆ ಹಿಗ್ಗಿಸಬಹುದು. ಹೊರಗಿನ ಪ್ಲಗಿನ್‌ಗಳ ವಿಷಯದಲ್ಲಿ ಸರ್ ಹೇಳಿದ್ದು ನಿಜ.

ಮೇಡಂ, ಪರದೆ ಸಿಕ್ಕಿಸಿದ ಮೇಲೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಂದರೆ ಹೆದರಬೇಡಿ. ನನಗೆ ಬಂದಿತ್ತು, ಮೌಸ್ ಉರುಳಿಸಿದರೆ ಸದ್ದೂ ಅದರೊಂದಿಗೆ ಚಿರುಗುಟ್ಟುತ್ತಿತ್ತು. ಪರದೆಗೆ ಒಂದು ಸಾಕೆಟ್ಟು, ಸ್ಪೀಕರಿಗೆ ಇನ್ನೊಂದು ಗೋಡೆಯ ಸಾಕೆಟ್ಟು ಕೊಟ್ಟಿದ್ದೆ. ಎರಡು ಕಡೆಯ ಅರ್ತಿಂಗು ಎಚ್‌ಡಿಎಂಐ ತಂತಿಯ ಮೂಲಕ ಸುತ್ತು ಹೊಡೆಯುತ್ತಿತ್ತು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದು, ಆಡಿಯೊ ಇಂಟರ್ಫೇಸಿನಿಂದ (ಮೈಕು, ಸ್ಪೀಕರುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಿಂದ) ಸ್ಪೀಕರಿಗೆ ಹೊರಗಿನ ಗದ್ದಲ ತಡೆಯುವ ಬ್ಯಾಲೆನ್ಸ್‌ಡ್ ಕೇಬಲ್ ಹಾಕಿದ ಮೇಲೆ ನಿಂತಿತು. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ತಿಂಗ್ ಪಿನ್ನು ಕೀಳುವಂತೆ ಸ್ನೇಹಿತನೊಬ್ಬ ಹೇಳಿದ್ದ. ಆ ಕೆಲಸ ಮಾತ್ರ ಯಾರೂ ಮಾಡಬೇಡಿ. ಮೈಕ್ ಹಿಡಿದ ಮಕ್ಕಳಿಗೆ ಶಾಕ್ ಹೊಡೆದೀತು.

ಎರಡು ಕನ್ನಡಕ, ಚಿತ್ರದುರ್ಗ

ಪ್ಯಾನೆಲ್ ಐಪಿಎಸ್ ಇರಲಿ, ಬದಿಯಲ್ಲಿ ನಿಂತ ತಬಲಾದವರಿಗೂ ಪರದೆ ಸರಿಯಾಗಿ ಕಾಣುತ್ತದೆ. ಮೇಲ್ಮೈ ಹೊಳಪಿಲ್ಲದ್ದಾಗಿರಲಿ, ಇಲ್ಲವಾದರೆ ಹಿಂದಿನ ಕಿಟಕಿಯೇ ಮುಂದೆ ಕಾಣುತ್ತದೆ. ಹಿಂಬದಿಯಲ್ಲಿ 100 × 100 ಮಿಲಿಮೀಟರ್ ಅಂತರದ ನಾಲ್ಕು ಸ್ಕ್ರೂ ತೂತುಗಳಿವೆಯೇ ನೋಡಿ, ಮುಂದೆ ತೋಳಿಗೆ ತೂಗಿಹಾಕಲು ಬೇಕಾಗುತ್ತದೆ. ಸೆಕೆಂಡಿಗೆ 144 ಸಲ, 165 ಸಲ ಎಂದು ಹೊಗಳಿದರೆ ಅದು ಆಟವಾಡುವ ಹುಡುಗರಿಗೆ. ಅದಕ್ಕಾಗಿ ಹೆಚ್ಚು ಹಣ ತೆರಬೇಡಿ.

ನಿಟ್ಟುವಳ್ಳಿ ತಂಬೂರಿ, ದಾವಣಗೆರೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. 27 ಇಂಚಿನ 2560 × 1440 ಐಪಿಎಸ್ ಪರದೆ ಬಂದಿದೆ. ಉಳಿದ ಹಣದಲ್ಲಿ ಮೇಜಿಗೆ ಕಚ್ಚಿ ನಿಲ್ಲುವ ತೋಳನ್ನೂ ಕೊಂಡೆ. ತೋಳಿನ ವಿಷಯದಲ್ಲಿ ಯಾರೂ ಹೇಳದಿದ್ದ ಒಂದು ಸಂಗತಿ: ಮೇಜು ಗೋಡೆಗೆ ಅಂಟಿದ್ದರೆ ತೋಳಿನ ಮೊಣಕೈ ಮಡಚಲು ಹಿಂದೆ ಜಾಗವಿರುವುದಿಲ್ಲ, ಪರದೆ ಮುಂದಕ್ಕೇ ಬಂದು ನಿಲ್ಲುತ್ತದೆ. ಮೇಜನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಬೇಕಾಯಿತು. ಸ್ಪೀಕರಿನ ಹಿಂದೆಯೂ ಜಾಗ ಸಿಕ್ಕಿದ್ದರಿಂದ ತಗ್ಗು ಸ್ವರಗಳ ಗುಮ್ಮೆನ್ನುವಿಕೆ ಸ್ವಲ್ಪ ಇಳಿದಿದೆ. 61 ಕೀಲಿಯ ಕೀಬೋರ್ಡನ್ನು ಮೇಜಿನ ಮುಂದೆ ಅದರದೇ ಸ್ಟ್ಯಾಂಡಿನ ಮೇಲಿಟ್ಟು ಅದರ ಹಿಂದೆ ಕೂರುತ್ತೇನೆ, ಆಗ ಕಣ್ಣಿನಿಂದ ಪರದೆಗೆ ಟೇಪಿನಲ್ಲಿ ಅಳೆದರೆ 86 ಸೆಂಟಿಮೀಟರ್.

ಕೆಳಗೆ ಮಿಕ್ಸರ್, ಮೇಲೆ ಟ್ರ್ಯಾಕುಗಳು, ಎರಡೂ ಒಟ್ಟಿಗೆ ಕಾಣುತ್ತಿವೆ. ಸಾಹಿತ್ಯ ಲ್ಯಾಪ್‌ಟಾಪಿನಲ್ಲಿದೆ, ಒತ್ತಕ್ಷರಗಳೂ ನಿಚ್ಚಳ. ಅಕ್ಷರ ತುಸು ಸಣ್ಣದೆನಿಸಿದ್ದು ಸುಳ್ಳಲ್ಲ, ಎರಡು ಕನ್ನಡಕದ ಸರ್ ಮಾತು ಇನ್ನೈದು ವರ್ಷಕ್ಕೆ ನನಗೂ ಅನ್ವಯಿಸೀತು.

ಕೋಟೆ ಕೆಳಗಿನವರು, ಚಿತ್ರದುರ್ಗ

ಸಂತೋಷ ಮೇಡಂ. ಈಗ ಒಂದು ಕೆಲಸ ಮಾಡಿ. ಮಿಕ್ಸ್ ಮುಗಿಯಿತು ಎನಿಸಿದಾಗ ಆ ಹೊಸ ಪರದೆಯ ಸ್ವಿಚ್ಚು ಆರಿಸಿ, ಹಾಡನ್ನು ಮೊದಲಿನಿಂದ ಒಮ್ಮೆ ಕೇಳಿ. ಓಡುವ ಗೆರೆ ಎದುರಿಗಿದ್ದರೆ ಮುಂದೆ ಏನು ಬರುತ್ತದೆಂದು ಕಣ್ಣು ಕಿವಿಗೆ ಮೊದಲೇ ಹೇಳಿಬಿಡುತ್ತದೆ. ನಾನು 24 ಇಂಚಿನ ಪರದೆಯಲ್ಲಿದ್ದಾಗಲೂ ಹೀಗೆಯೇ ಮಾಡುತ್ತಿದ್ದೆ, ಈಗಲೂ ಹೀಗೆಯೇ.

ನಿಟ್ಟುವಳ್ಳಿ ತಂಬೂರಿ, ದಾವಣಗೆರೆ

ನಿನ್ನೆ ರಾತ್ರಿ ಆರಿಸಿ ಕೇಳಿದೆ ಸರ್. ಎರಡನೇ ಚರಣದಲ್ಲಿ ತಾಳ ಮಕ್ಕಳ ಧ್ವನಿಯ ಮೇಲೇರಿ ಕುಳಿತಿತ್ತು, ಮೂರು ದಿನದಿಂದ ನೋಡುತ್ತಿದ್ದರೂ ಗೊತ್ತಾಗಿರಲಿಲ್ಲ. 2 ಡೆಸಿಬಲ್ ಇಳಿಸಿದ್ದೇನೆ.